ನಳ ಇದೆ, ಗಾಳಿಯೂ ಬರುತ್ತದೆ

ಬಯಲುಸೀಮೆಯ ಹಳ್ಳಿಗಳಲ್ಲಿ ನೀರಿನ ಸಮಸ್ಯೆ ಬಗೆಹರಿದಿದೆ. ಮನೆ ಮುಂದೆ ನಳ ನೆಟ್ಟಿದ್ದಾರೆ, ಫೋಟೋ ತೆಗೆದಿದ್ದಾರೆ, ಇನ್ನೇನು ಬೇಕು? 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಎಂಬ ಕೇಂದ್ರದ ಯೋಜನೆ ಹಳ್ಳಿಯ ಮನೆಮನೆಗೆ ನಳ ಹಾಕಿ ದಿನಕ್ಕೆ ತಲಾ 55 ಲೀಟರ್ ನೀರು ಕೊಡುತ್ತೇನೆಂದಿತ್ತು. 2024ಕ್ಕೆ ಮುಗಿಯಬೇಕಿದ್ದ ಗಡುವು 2028ಕ್ಕೆ ಜಾರಿದೆ. ನಡುವೆ 2023ರ ಬರ ಬಂತು; ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. ನಳಗಳ ಲೆಕ್ಕದಲ್ಲಿ ಮಾತ್ರ ಒಂದೂ ಕಮ್ಮಿಯಾಗಲಿಲ್ಲ. ಬರಕ್ಕೆ ನಳ ಒಣಗಿಸಲು ಬರುತ್ತದೆ, ಅಳಿಸಲು ಬರುವುದಿಲ್ಲ.

ತಿಂಗಳಿಡೀ ಬೀಳಬೇಕಾದ ಮಳೆ ಎರಡು ದಿನದಲ್ಲಿ ಸುರಿದು ಹಳ್ಳ ಸೇರಿದರೆ ಬೋರ್‌ವೆಲ್‌ಗೆ ಇಳಿಯುವುದೇನು? ನೀರು ಕೆಳಗೆ ಹೋದಂತೆ ಪಂಪನ್ನೂ ಇಳಿಸುತ್ತಾರೆ. ಆರುನೂರು ಅಡಿಯಿಂದ ಎಂಟುನೂರಕ್ಕೆ ಹೋದ ಪಂಪು ಅದೇ ಎಚ್‌ಪಿಯಲ್ಲಿ ಮೊದಲಿನಷ್ಟು ನೀರು ಎತ್ತುವುದಿಲ್ಲ. ಟ್ಯಾಂಕು ತುಂಬಲು ಹೆಚ್ಚು ಹೊತ್ತು ಬೇಕು, ತ್ರೀಫೇಸ್ ಕರೆಂಟು ಅಷ್ಟೇ ಹೊತ್ತು. ನೀರಿಲ್ಲದೆ ಓಡಿದರೆ ವೈಂಡಿಂಗ್ ಸುಟ್ಟಿತು; ಇಪ್ಪತ್ತು ಅಡಿಗೊಂದು ಪೈಪು ಬಿಚ್ಚುತ್ತಾ ಪಂಪು ಮೇಲೆತ್ತುವವರೆಗೆ ಊರೇ ಬಾಯಿಬಿಟ್ಟು ಕೂರಬೇಕು.

“ನೀರು ಯಾವಾಗ ಬಿಡ್ತೀಯಪ್ಪಾ?”
“ಕರೆಂಟ್ ಬಂದಾಗ, ಯಕ್ಕಾ.”
“ಅದು ಯಾವಾಗ ಬರ್ತದ?”
“ಲೈನ್‌ಮನ್‌ಗೆ ಕೇಳ್ರಿ.”

ನೀರುಗಂಟಿ ವಾಲ್ವ್ ತಿರುಗಿಸಿದ ಮೇಲೂ ಕಥೆ ಮುಗಿಯುವುದಿಲ್ಲ. ಟ್ಯಾಂಕಿನ ಹತ್ತಿರದ ಮನೆಗಳು ನಳಕ್ಕೇ ಮೋಟಾರು ಹಚ್ಚಿ ಎಳೆದುಕೊಳ್ಳುತ್ತವೆ. ಲೈನಿನ ತುದಿಯಲ್ಲಿರುವುದು ಸಾಮಾನ್ಯವಾಗಿ ದಲಿತರ ಕೇರಿ. ಅಲ್ಲಿ ನಳ ಸುಯ್ಯೆನ್ನುತ್ತದೆ, ಗಾಳಿಗೆ ಮೀಟರು ಗಿರ್ರನೆ ತಿರುಗುತ್ತದೆ. ಕಾಗದದಲ್ಲಿ ಅದೂ ಸರಬರಾಜೇ.

ನಳ ಕೈಕೊಟ್ಟರೆ ಹೊತ್ತೇ ತರಬೇಕು. ಐದು ಜನರ ಮನೆಗೆ ತಲಾ 55ರಂತೆ ದಿನಕ್ಕೆ 275 ಲೀಟರ್. ಹದಿನೈದು ಲೀಟರ್ ಹಿಡಿಯುವ ಕೊಡದಲ್ಲಿ ಹದಿನೆಂಟು ಕೊಡ ಚಿಲ್ಲರೆ. ತಲೆ ಮೇಲೊಂದು, ಸೊಂಟದ ಮೇಲೊಂದು ಅಂದರೂ ಒಂಬತ್ತು ಸುತ್ತು. ತೋಟದ ಬೋರು ಅರ್ಧ ಕಿಲೋಮೀಟರ್ ದೂರವಿದ್ದರೆ ದಿನಕ್ಕೆ ಒಂಬತ್ತು ಕಿಲೋಮೀಟರ್, ಅದರಲ್ಲಿ ನಾಲ್ಕೂವರೆ ಮೂವತ್ತು ಕೆಜಿ ಹೊತ್ತು. ಹೀಗೆ ತರುವವರು ಯಾರೂ ಇಲ್ಲ ಬಿಡಿ. ಆರು ಕೊಡಕ್ಕೆ ಸಂಸಾರ ಮುಗಿಸುತ್ತಾರೆ. ಅಡುಗೆಯದ್ದೂ ಗಂಡಸರ ಸ್ನಾನದ್ದೂ ಕಡಿತವಾಗುವುದಿಲ್ಲ; ಹೆಂಗಸರ ಸ್ನಾನ, ಮುಟ್ಟಿನ ಬಟ್ಟೆ ಒಗೆಯುವುದು, ಶೌಚಾಲಯಕ್ಕೆ ಸುರಿಯುವುದು ಕಡಿತ. ಶೌಚಾಲಯದಲ್ಲಿ ಸೌದೆ ಬೆಚ್ಚಗಿದೆ. ನೀರು ಬರುವ ಹೊತ್ತು ಗೊತ್ತಿಲ್ಲವಾದ್ದರಿಂದ ಕೊಡಗಳ ಸಾಲಿಗೆ ಕಾವಲು ಬೇಕು. ಅದಕ್ಕೆ ಮನೆಯ ಹಿರಿಮಗಳಿದ್ದಾಳೆ, ಶಾಲೆ ನಾಳೆಯೂ ಇರುತ್ತದೆ.

ಹಾಗಂತ ಯೋಜನೆ ಮಹಿಳೆಯರನ್ನು ಮರೆತಿಲ್ಲ. ಗ್ರಾಮ ನೀರು ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರೇ ಇರಬೇಕು. ಸಭೆ ಮಾತ್ರ ನೀರು ಬಿಡುವ ಹೊತ್ತಿಗೇ ಕೂಡುತ್ತದೆ. ಸಹಿಗೆ ಪುಸ್ತಕವೇ ಸಾಲಿನ ಹತ್ತಿರ ಬರುತ್ತದೆ, ಎಂಥ ಕಾಳಜಿ! ಊರಿಗೆ ಐದು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ತರಬೇತಿ ಕೊಡಬೇಕೆಂಬ ನಿಯಮವೂ ಇದೆ. ಸೀಸೆಗೆ ಗೆರೆಯವರೆಗೆ ನೀರು ತುಂಬಿ ಮುಚ್ಚಳ ಬಿಗಿದಿಡಿ. 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ನೀರು ಕೆಟ್ಟಿದೆ. ಫ್ಲೋರೈಡ್‌ಗೆ ಬಣ್ಣ ಹೋಲಿಸಿ ನೋಡಿ, ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಆಳಕ್ಕೆ ಹೋದ ಬೋರುಗಳಲ್ಲಿ ಅದು ಹೆಚ್ಚುವ ಸಂಭವವಿರುವುದರಿಂದ ಪರೀಕ್ಷೆ ಬೇಕೇ ಬೇಕು. ಗಾಳಿ ಬರುವ ನಳಕ್ಕೆ ಯಾವ ಗೆರೆಯವರೆಗೆ ತುಂಬಬೇಕು ಎಂಬುದನ್ನೂ ಮುಂದಿನ ತರಬೇತಿಯಲ್ಲಿ ಹೇಳಿಕೊಟ್ಟರೆ ಉಪಕಾರವಾದೀತು.