ಮೊದಲು ಚೆಕ್ ಮಾಡಿ, ಆಮೇಲೆ ಪಾರ್ಟು ಹೇಳಿ

ಕಾರಿನ ಮುಂದಿನ ಗ್ಲಾಸಿಗೆ ನೀರು ಹೊಡೆಯುವ ವ್ಯವಸ್ಥೆಯಲ್ಲಿ ಇರುವುದೇ ನಾಲ್ಕಾರು ಸಾಮಾನು. ಒಂದು ಪ್ಲಾಸ್ಟಿಕ್ ಟ್ಯಾಂಕ್, ಅದರ ತಳದಲ್ಲಿ ಪುಟ್ಟ ಮೋಟಾರ್, ಅಲ್ಲಿಂದ ಬಾನೆಟ್ಟಿನವರೆಗೆ ಸಣ್ಣ ಪೈಪು, ತುದಿಯಲ್ಲಿ ನಾಝಲ್. ಕರೆಂಟಿನ ಕಡೆ ಒಂದು ಫ್ಯೂಸು, ಸ್ಟೇರಿಂಗ್ ಪಕ್ಕದ ಸ್ವಿಚ್ಚು, ನಡುವೆ ವೈರು. ಇಷ್ಟರಲ್ಲಿ ಏನು ಕೆಟ್ಟಿದೆ ಅಂತ ಹುಡುಕಲಾಗದವರ ಕೈಗೆ ನಾವು ಬ್ರೇಕು, ಎಂಜಿನ್ನು ಎಲ್ಲ ಒಪ್ಪಿಸಿ ಬರುತ್ತೇವೆ. ನನ್ನ ತಕರಾರು ಅದು.

ಜೋರು ಮಳೆಗಾಲದಲ್ಲಿ ಈ ನೀರಿನ ನೆನಪು ಯಾರಿಗೂ ಆಗುವುದಿಲ್ಲ. ಮೇಲಿಂದಲೇ ಬೇಕಾದಷ್ಟು ಸುರಿಯುತ್ತದೆ. ಬೇಕಾಗುವುದು ಮಳೆ ಬಿಟ್ಟು ಬಿಟ್ಟು ಬರುವ ದಿನಗಳಲ್ಲಿ. ದೇವಿಮನೆ ಘಟ್ಟ ಇಳಿಯುವಾಗ ಮುಂದಿನ ಲಾರಿಯ ಚಕ್ರದಿಂದ ಕೆಂಪು ರಾಡಿ ಎದ್ದು ಗ್ಲಾಸಿಗೆ ಬಡಿಯುತ್ತದೆ. ಬರೀ ವೈಪರ್ ಹಾಕಿದರೆ ಅಂಗಳ ಸಾರಿಸಿದ ಹಾಗೆ ಆಗುತ್ತದೆ, ಅಷ್ಟೆ. ಸಂಜೆ ಹೊತ್ತಾದರೆ ಇಳಿಯುವವರಿಗೆ ಬಿಸಿಲೂ ಮುಖಕ್ಕೇ. ಕುಮಟಾ ಮುಟ್ಟಿ ಹೆದ್ದಾರಿ 66 ಹಿಡಿದರೆ ಮೀನಿನ ಲಾರಿಗಳು. ಅದರಿಂದ ಸಿಡಿಯುವ ನೀರಿನ ಜಿಡ್ಡು ಗ್ಲಾಸಿನ ಮೇಲೆ ಕೂತಿತೋ, ರಾತ್ರಿ ಎದುರಿನ ಗಾಡಿಯ ಲೈಟು ಬಿದ್ದಾಗ ರಸ್ತೆಯೇ ಕಾಣುವುದಿಲ್ಲ. ಹಾಗಾಗಿ ಇದನ್ನು ಚಿಲ್ಲರೆ ರಿಪೇರಿ ಅನ್ನಲಿಕ್ಕೆ ನಾನು ತಯಾರಿಲ್ಲ.

ಕಳೆದ ದೀಪಾವಳಿಯ ಹೊತ್ತಿಗೆ ನನ್ನ ಕಾರಿನಲ್ಲಿ ನೀರು ಬರುವುದು ನಿಂತಿತು. ಸ್ವಿಚ್ಚಿನ ಕೋಲು ಎಳೆದರೆ ಗುಂಯ್ ಅಂತ ಮೋಟಾರಿನ ಸದ್ದು ಕೇಳುತ್ತಿತ್ತು. ಟ್ಯಾಂಕಿನಲ್ಲಿ ನೀರೂ ಇತ್ತು. ಸಿರಸಿಯಲ್ಲೇ ಒಂದು ಗ್ಯಾರೇಜಿಗೆ ಹೋದೆ. ಹುಡುಗ ಬಾನೆಟ್ ಎತ್ತಿದ, ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದ, ಮುಚ್ಚಿದ.

"ಸರ್, ಮೋಟಾರ್ ಹೋಗಿದೆ."

"ಸದ್ದು ಬರ್ತಾ ಇದೆಯಲ್ಲೋ ಮಾರಾಯ?"

"ಸದ್ದು ಬರ್ತದೆ ಸರ್. ಪ್ರೆಶರ್ ಇಲ್ಲ. ಒಳಗೆ ವೀಕ್ ಆಗಿದೆ."

ಅಷ್ಟರಲ್ಲಿ ಮಾಲೀಕರು ಬಂದರು. "ಹೆಗಡೇರೆ, ಮೋಟಾರ್ ಹಾಕುವಾಗ ಸ್ವಿಚ್ಚೂ ಹಾಕಿಬಿಡುವ. ಮತ್ತೆ ಮತ್ತೆ ಬಿಚ್ಚೋದು ಬೇಡ" ಅಂದರು. ಎರಡೂ ಸೇರಿ ₹4,800 ಅಂತ ಚೀಟಿ ಬರೆದರು.

ಹುಡುಗನ ಮಾತು ಪೂರ್ತಿ ಸುಳ್ಳಲ್ಲ. ಮೋಟಾರ್ ತಿರುಗುತ್ತಿದ್ದರೂ ನೀರು ನೂಕುವ ಶಕ್ತಿ ಕಳೆದುಕೊಂಡಿರುವುದು ಇದೆ. ಆದರೆ ಅದನ್ನು ನೋಡಲಿಕ್ಕೆ ಒಂದು ದಾರಿ ಇದೆಯಲ್ಲ? ಮೋಟಾರಿನ ಬಾಯಿಂದ ಪೈಪು ಎಳೆದು ಸ್ವಿಚ್ ಹಾಕಬೇಕು. ಅಲ್ಲಿ ನೀರು ಜೋರಾಗಿ ಚಿಮ್ಮಿದರೆ ಮೋಟಾರ್ ಸರಿ ಇದೆ, ತೊಂದರೆ ಮುಂದೆ ಎಲ್ಲೋ ಇದೆ. ಅದನ್ನು ಮಾಡಲೇ ಇಲ್ಲ. ಇನ್ನು ಸ್ವಿಚ್ಚಿನ ಮಾತಂತೂ ನನ್ನ ತಲೆಗೆ ಹೋಗಲಿಲ್ಲ. ಸ್ವಿಚ್ ಕೆಟ್ಟಿದ್ದರೆ ಮೋಟಾರ್ ಗುಂಯ್ ಅನ್ನುವುದು ಹೇಗೆ?

ನಾಳೆ ಬರ್ತೇನೆ ಅಂತ ಹೇಳಿ ಗಾಡಿ ತಂದೆ. ಮನೆಯಲ್ಲಿ ಬಾನೆಟ್ ಎತ್ತಿ ಒಳಗಿನ ಹೊದಿಕೆ ಮುಟ್ಟಿದರೆ ಒಂದು ಕಡೆ ಒದ್ದೆ. ಅಲ್ಲಿ ಪೈಪು ಎರಡಾಗಿ ಕವಲೊಡೆಯುವ ಜಾಯಿಂಟು ಬಿಚ್ಚಿಕೊಂಡಿತ್ತು. ಪೈಪಿನ ತುದಿ ಗಟ್ಟಿಯಾಗಿ ಸಡಿಲಾಗಿತ್ತು. ಆ ತುದಿಯನ್ನು ಸ್ವಲ್ಪ ಕತ್ತರಿಸಿ ಒತ್ತಿ ಕೂರಿಸಿದೆ. ನೀರು ಬಂತು. ನಾನೇನು ಮೆಕ್ಯಾನಿಕ್ ಅಲ್ಲ, ಅಡಿಕೆ ತೋಟದವನು.

ಗ್ಯಾರೇಜಿಗೆ ಹೋಗುವ ಮೊದಲು ನಾವು ಮಾಡಬೇಕಾದ್ದು ಕಿವಿಗೊಟ್ಟು ಕೇಳುವುದು. ಸದ್ದು ಇದ್ದು ನೀರು ಇಲ್ಲದಿದ್ದರೆ ಹೆಚ್ಚಾಗಿ ಪೈಪು, ನಾಝಲ್ಲು ಅಥವಾ ಟ್ಯಾಂಕಿನ ತಳದ ಕೆಸರು. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸು ನೋಡಬೇಕು. ಫ್ಯೂಸು ಸರಿ ಇದ್ದರೆ ಮೋಟಾರಿನ ಪ್ಲಗ್ಗು ಕಳಚಿ, ಅದಕ್ಕೆ ಟೆಸ್ಟ್ ಲ್ಯಾಂಪ್ ಹಿಡಿದು, ಒಬ್ಬರು ಒಳಗೆ ಕೂತು ಕೋಲು ಎಳೆಯಬೇಕು. ದೀಪ ಹತ್ತಿದರೆ ಕರೆಂಟು ಅಲ್ಲಿಯವರೆಗೆ ಬರುತ್ತಿದೆ, ಮೋಟಾರ್ ಹೋಗಿದೆ ಅನ್ನಬಹುದು. ಹತ್ತದಿದ್ದರೆ ಹೊಸ ಮೋಟಾರ್ ಹಾಕಿ ಏನು ಪ್ರಯೋಜನ? ಕೋಲು ಎಳೆದು ಸ್ವಲ್ಪ ಹೊತ್ತಾದ ಮೇಲೆ ನೀರು ಬರುತ್ತಿದ್ದರೆ ಪೈಪಿನ ನಡುವಿನ ವಾಲ್ವ್ ಸೋತಿರುತ್ತದೆ. ಒಮ್ಮೆ ಏರಿದ ನೀರು ಹಿಂದೆ ಇಳಿಯದಂತೆ ತಡೆಯುವ ಚಿಕ್ಕ ಸಾಮಾನು ಅದು. ಅದಕ್ಕೂ "ಮೋಟಾರ್ ವೀಕ್" ಅಂತಲೇ ಹೇಳಿ ಕಳಿಸಿದ್ದನ್ನು ಕೇಳಿದ್ದೇನೆ.

ನಮ್ಮ ಕಡೆಗೆ ಅಂತಲೇ ಕೆಲವು ಕಾಯಿಲೆಗಳಿವೆ. ಕಾರವಾರ, ಅಂಕೋಲೆ ಕಡೆ ಉಪ್ಪುಗಾಳಿಗೆ ಪ್ಲಗ್ಗಿನ ಪಿನ್ನು ಹಸಿರುಗಟ್ಟುತ್ತದೆ. ಉಜ್ಜಿ ಹಾಕಿದರೆ ಎಷ್ಟೋ ಸಲ ಮೋಟಾರ್ ಮತ್ತೆ ತಿರುಗುತ್ತದೆ. ಘಟ್ಟದ ಮೇಲೆ ಇಲಿ. ಕೊಟ್ಟಿಗೆ ಪಕ್ಕ ನಿಲ್ಲಿಸಿದ ಕಾರಿನ ವೈರು, ಪೈಪು ಎರಡನ್ನೂ ಅದು ಬಿಡುವುದಿಲ್ಲ. ಕೆರೆ, ಹೊಳೆ ನೀರು ಹಾಕಿದ ಟ್ಯಾಂಕಿನಲ್ಲಿ ಪಾಚಿ. ಮೇಲಿಂದ ಒಂದು ಸ್ಯಾಶೆ ಶಾಂಪೂ ಹಾಕುವವರೂ ಇದ್ದಾರೆ. ಆ ಲೋಳೆ ಕೊನೆಗೆ ನಾಝಲ್ಲಿನ ಬಾಯಲ್ಲಿ ಹೋಗಿ ಕೂರುತ್ತದೆ. ಅದಕ್ಕೆ ಬೇಕಾದ್ದು ಒಂದು ಸೂಜಿ. ಸೀಳಿನಂಥ ಬಾಯಿಯ ನಾಝಲ್ಲಾದರೆ ಸೂಜಿ ಹಾಕಬಾರದು, ಬಿಸಿ ನೀರಿನಲ್ಲಿ ನೆನೆಸಿ ಊದಬೇಕು.

ಹಿಂದಿನ ಗ್ಲಾಸಿಗೂ ವೈಪರ್ ಇರುವ ಕಾರಾದರೆ ಇನ್ನೊಂದು ತಮಾಷೆ. ಹಿಂದಕ್ಕೆ ಹೋಗುವ ಪೈಪು ಸಾಮಾನ್ಯವಾಗಿ ಕಾರಿನ ಒಳಗಿನಿಂದಲೇ ಹೋಗಿರುತ್ತದೆ. ಡಿಕ್ಕಿ ಬಾಗಿಲ ಹತ್ತಿರ ಅದು ತುಂಡಾದರೆ ನೀರು ಸೀಟಿನ ಮೇಲೆ, ಡಿಕ್ಕಿಯಲ್ಲಿ. ಕುಮಟೆಯ ನನ್ನ ಭಾವನಿಗೆ ಹೀಗಾದಾಗ "ಬಾಗಿಲ ರಬ್ಬರ್ ಹೋಗಿದೆ, ಮಳೆ ನೀರು ಇಳಿತಾ ಇದೆ" ಅಂತ ಇಡೀ ಬೀಡಿಂಗ್ ಬದಲಿಸಿ ಕೊಟ್ಟರು. ಮಾರ್ಚ್ ತಿಂಗಳಲ್ಲಿ!

ಎಲ್ಲರೂ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ನನ್ನ ಪ್ರಕಾರ ರೋಗದ ಮೂಲ ಬೇರೆ. ನಮ್ಮಲ್ಲಿ ಚೆಕ್ ಮಾಡಿದ್ದಕ್ಕೆ ದುಡ್ಡು ಕೊಡುವ ಅಭ್ಯಾಸವೇ ಇಲ್ಲ. ಅರ್ಧ ಗಂಟೆ ಕೂತು ತಪ್ಪು ಹುಡುಕಿ, ಪೈಪು ಒತ್ತಿ ಸರಿ ಮಾಡಿದವನಿಗೆ "ಏನೂ ಹಾಕಿಲ್ವಲ್ಲ, ಎಂಥಕ್ಕೆ ಮುನ್ನೂರು?" ಅಂತ ಜಗಳ ಆಡುತ್ತೇವೆ. ಅದೇ ಹೊಸ ಪಾರ್ಟಿನ ಡಬ್ಬಿ ತೋರಿಸಿದರೆ ಸಾವಿರಗಟ್ಟಲೆ ಕೊಟ್ಟು ಬರುತ್ತೇವೆ. ಹಾಗಾದ ಮೇಲೆ ಗ್ಯಾರೇಜಿನವನು ಹುಡುಕುವುದು ಬಿಟ್ಟು ಪಾರ್ಟು ಮಾರುವುದನ್ನೇ ಕಲಿಯುತ್ತಾನೆ, ಅಲ್ವಾ? ದೊಡ್ಡ ಶೋರೂಮುಗಳ ಕತೆಯೂ ಭಿನ್ನವಲ್ಲ. ಅಲ್ಲಿ ನಮ್ಮ ಹತ್ತಿರ ಮಾತಾಡುವವರು ಗಾಡಿ ಬಿಚ್ಚುವವರಲ್ಲ, ಗಾಡಿ ಬಿಚ್ಚುವವರನ್ನು ನಮಗೆ ತೋರಿಸುವುದಿಲ್ಲ.

"ಒಂದು ಮೋಟಾರ್ ಹಾಕಿಸಿ ಮುಗಿಸಿ ಮಾರಾಯ್ರೆ, ಕೆಲವು ನೂರು ರೂಪಾಯಿಯ ಸಾಮಾನು" ಅನ್ನುವವರೂ ಇದ್ದಾರೆ. ಅಂದಾಜಿನ ರಿಪೇರಿ ಅಲ್ಲಿಗೆ ನಿಂತರೆ ಒಪ್ಪಬಹುದಿತ್ತು. ಫ್ಯೂಸು ಪದೇ ಪದೇ ಹೋಗುತ್ತದೆ ಅಂತ ಕಾರಣ ಹುಡುಕದೆ 10 ಆಂಪಿಯರ್ ಜಾಗಕ್ಕೆ 20 ಹಾಕುವವರಿದ್ದಾರೆ. ಆಗ ಫ್ಯೂಸು ಉಳಿಯುತ್ತದೆ, ವೈರು ಸುಡುತ್ತದೆ. ಕೆಲವು ಕಾರುಗಳಲ್ಲಿ ವೈಪರಿಗೂ ನೀರಿನ ಮೋಟಾರಿಗೂ ಒಂದೇ ಫ್ಯೂಸು. ಮಳೆಯಲ್ಲಿ ಅರಬೈಲ್ ಘಟ್ಟದ ನಡುವೆ ಎರಡೂ ಒಟ್ಟಿಗೆ ನಿಂತರೆ ಏನು ಮಾಡುತ್ತೀರಿ?

ನಾನೀಗ ಯಾವ ಗ್ಯಾರೇಜಿಗೆ ಹೋದರೂ ಮೊದಲೇ ಹೇಳುತ್ತೇನೆ: ಚೆಕ್ ಮಾಡಿದ್ದಕ್ಕೆ ಕೂಲಿ ಕೊಡ್ತೇನೆ, ಹೇಗೆ ಚೆಕ್ ಮಾಡಿದ್ರಿ ಅಂತ ತೋರಿಸಿ, ಹಳೇ ಪಾರ್ಟು ನನಗೆ ಬೇಕು. ಬಿಲ್ಲನ್ನೂ ಕೇಳುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಬಿಲ್ ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯ ಲೆಕ್ಕಕ್ಕೇ ಬರುತ್ತದೆ. ಜಿಲ್ಲಾ ಗ್ರಾಹಕರ ಆಯೋಗ ಇರುವುದು ಕಾರವಾರದಲ್ಲಿ. ಸಿರಸಿಯಿಂದ ನೂರು ಕಿಲೋಮೀಟರಿಗೂ ಜಾಸ್ತಿ, ಒಂದು ಮೋಟಾರಿಗಾಗಿ ಯಾರು ಹೋಗುತ್ತಾರೆ? ಆದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಮನೆಯಿಂದಲೇ ಫೋನ್ ಮಾಡಬಹುದು, ದೂರನ್ನು ಆನ್‌ಲೈನಿನಲ್ಲೂ ಕೊಡಬಹುದು. ಅದಕ್ಕೆ ಕೈಯಲ್ಲಿ ಬಿಲ್ಲು ಇದ್ದರೆ ಒಳ್ಳೆಯದು.

ಹಳೇ ಪಾರ್ಟು ಕೇಳುವುದು ನಮ್ಮ ಪಕ್ಕದ ಮನೆಯ ಭಟ್ಟರಿಂದ ಕಲಿತದ್ದು. ಅವರು "ಸತ್ತ" ಮೋಟಾರನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಮನೆಗೆ ತಂದು ಬ್ಯಾಟರಿಗೆ ಮುಟ್ಟಿಸಿದರು. ತಿರುಗಿತು. ಬಕೆಟ್ಟಿನಲ್ಲಿಟ್ಟು ನೋಡಿದರು, ನೀರನ್ನೂ ಚಿಮ್ಮಿಸಿತು. ಮರುದಿನ ಅದನ್ನು ಒಯ್ದು ಗ್ಯಾರೇಜಿನ ಮೇಜಿನ ಮೇಲಿಟ್ಟು ದುಡ್ಡು ವಾಪಸ್ ಕೇಳಿದರು. ಅರ್ಧ ಕೊಟ್ಟರಂತೆ. ಉಳಿದರ್ಧ ಮುಂದಿನ ಸರ್ವಿಸಿನಲ್ಲಿ ಹಿಡಿಯುವ ಅಂದರಂತೆ.