ಏನೂ ಆಗಲ್ಲ, ಬಾ!

ರಬ್ಬರ್ ದೋಣಿಯಲ್ಲಿ ರಾಫ್ಟಿಂಗ್‌ಗೆ ಹೊರಡುವ ಮೊದಲು, ಹಿಂದಿನ ಬ್ಯಾಚಿನವರು ಆಗತಾನೇ ಬಿಚ್ಚಿಟ್ಟ, ನೀರು ತೊಟ್ಟಿಕ್ಕುತ್ತಿರುವ, ಯಾರದೋ ಬೆವರು ಮತ್ತು ಸನ್‌ಸ್ಕ್ರೀನ್ ಎರಡೂ ಘಮ್ಮೆನ್ನುವ ಲೈಫ್ ಜಾಕೆಟ್ಟನ್ನು ಒಣ ಅಂಗಿಯ ಮೇಲೆ ಹಾಕಿಕೊಳ್ಳುವುದಿದೆಯಲ್ಲ, ಅದಕ್ಕೆ ಯಾರೂ ಗ್ರೇಡ್ ಕೊಟ್ಟಿಲ್ಲ. ಹೊಳೆಯ ರಭಸಕ್ಕಾದರೆ 1ರಿಂದ 6ರವರೆಗೆ ಗ್ರೇಡ್ ಇದೆ. ದಾಂಡೇಲಿಯ ಹತ್ತಿರ ಗಣೇಶಗುಡಿಯಲ್ಲಿ ಕಾಳಿ ನದಿಯದ್ದು 2, 3 ಅನ್ನುತ್ತಾರೆ. ಆ ಜಾಕೆಟ್ಟು ಬೆನ್ನಿಗೆ ತಾಗುವ ಕ್ಷಣ ನನ್ನ ಲೆಕ್ಕದಲ್ಲಿ 5.

ಅಷ್ಟಕ್ಕೂ ನಮ್ಮಂಥವರು ರಜೆ ಹಾಕಿದ್ದು ಇದಕ್ಕಲ್ಲ. ಹೋಮ್‌ಸ್ಟೇ ಜಗಲಿ, ಬಿಸಿ ತೆಳ್ಳೇವು ದೋಸೆ, ಮರದ ಮೇಲೆ ಮಂಗಟ್ಟೆ ಹಕ್ಕಿ ಕಂಡರೆ ಕಂಡಿತು, ಇಲ್ಲದಿದ್ದರೆ ಇನ್ನೊಂದು ನಿದ್ದೆ. ಆದರೆ ಪ್ರತಿ ಬಳಗದಲ್ಲೂ ಒಬ್ಬ ‘ಏನೂ ಆಗಲ್ಲ ಬಾ’ ಇರುತ್ತಾನೆ. ಎಲ್ಲರ ಹೆಸರಲ್ಲೂ ಅಡ್ವಾನ್ಸ್ ಕಟ್ಟಿ ಆಮೇಲೆ ಕೇಳುತ್ತಾನೆ. ಈಜು ಬರಲ್ಲ ಮಾರಾಯ ಅಂದರೆ ಏನೂ ಆಗಲ್ಲ. ಮೊನ್ನೆಯಷ್ಟೇ ಸೊಂಟ ಹಿಡಿದಿತ್ತು ಅಂದರೂ ಏನೂ ಆಗಲ್ಲ. (ಈಜು ಬರದಿದ್ದರೆ ನಿಜಕ್ಕೂ ಅಡ್ಡಿಯಿಲ್ಲ, ಜಾಕೆಟ್ಟೇ ತೇಲಿಸುತ್ತದೆ. ಸೊಂಟ, ಹೃದಯದ ತೊಂದರೆ ಇರುವವರು, ಬಸುರಿಯರು ದಡದಲ್ಲೇ ಕೂರಬೇಕು.) ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಎಂದು ನಮ್ಮನ್ನು ಹಂಗಿಸುವುದು ಬೇರೆ. ಸ್ವಾಮಿ, ಇಲ್ಲಿ ಕಲ್ಲು ನಿಜವಾಗಿಯೂ ಇದೆ. ಹೊಳೆಯ ತುಂಬಾ ಇದೆ.

ಕಾಳಿಯ ರಾಫ್ಟಿಂಗ್ ಮಳೆಗಿಂತ ಹೆಚ್ಚಾಗಿ ಕರೆಂಟನ್ನು ನಂಬಿಕೊಂಡಿದೆ. ಮೇಲುಗಡೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಅದರ ಬುಡದಲ್ಲಿ 50 ಮೆಗಾವಾಟಿನ ಎರಡು ಯಂತ್ರ. ಯಂತ್ರ ತಿರುಗಿದರೆ ಹೊಳೆಗೆ ನೀರು, ನಿಂತರೆ ಬರೀ ಬಂಡೆ. ಬೆಂಗಳೂರಿನಲ್ಲಿ ಯಾರೋ ಸೆಖೆ ಅಂತ ಎಸಿ ಹಾಕಿದ್ದಕ್ಕೆ ಇಲ್ಲೊಬ್ಬ ಬಡಪಾಯಿ ಕೊಚ್ಚಿಕೊಂಡು ಹೋಗಬೇಕು. ಅಣೆಕಟ್ಟಿನ ಆಳದಿಂದ ಬರುವ ನೀರಾದ್ದರಿಂದ ಮೇ ತಿಂಗಳಲ್ಲೂ ಮೈ ಝುಂ ಎನ್ನುತ್ತದೆ. ‘ಇವತ್ತು ನೀರು ಬಿಟ್ಟಿಲ್ಲ’ ಎಂಬ ಒಂದು ಮಾತಿಗಾಗಿ ಗಣಪತಿಗೆ ತೆಂಗಿನಕಾಯಿ ಹೇಳಿಕೊಂಡವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ, ಬಾಯಿ ಬಿಡುವುದಿಲ್ಲ ಅಷ್ಟೆ. ಜೋರು ಮಳೆಗಾಲದಲ್ಲಿ ಇಲ್ಲಿ ರಾಫ್ಟಿಂಗ್ ಬಂದ್. ಆಗ ಹೊರಡುವ ಧೈರ್ಯವಂತರಿಗೆ ಕೊಡಗಿನ ಬರಪೊಳೆ ಇದೆ, ಅಲ್ಲಿ ಮಳೆಗಾಲವೇ ಸೀಸನ್ನು.

ದಡದಲ್ಲಿ ಗೈಡ್ ಪಾಠ ಶುರುಮಾಡುತ್ತಾನೆ. ‘ಏನೂ ಆಗಲ್ಲ’ ಆಗ ಸೆಲ್ಫಿಯಲ್ಲಿರುತ್ತಾನೆ. ಕಿವಿಗೊಟ್ಟು ಕೇಳುವವನು ಹೆದರಿದವನೊಬ್ಬನೇ, ಆದ್ದರಿಂದ ದೋಣಿಯಲ್ಲಿ ಅತ್ಯಂತ ಸುರಕ್ಷಿತ ಪ್ರಾಣಿಯೂ ಅವನೇ. ಜಾಕೆಟ್ಟಿನ ಬಕಲ್‌ಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯಬೇಕು. ಬಿಗಿದ ಮೇಲೆ ಇನ್ನೊಬ್ಬರು ಭುಜದ ಪಟ್ಟಿ ಹಿಡಿದು ಮೇಲಕ್ಕೆಳೆಯಬೇಕು. ಜಾಕೆಟ್ಟು ಕಿವಿಯವರೆಗೆ ಬಂದರೆ ಸಡಿಲ ಎಂದೇ ಅರ್ಥ. ಫೋಟೊಗೆಂದು ಹೊಟ್ಟೆ ಒಳಗೆಳೆದುಕೊಂಡು ಬಿಗಿಸಿಕೊಂಡರೆ, ಹೊಟ್ಟೆ ಸ್ವಸ್ಥಾನಕ್ಕೆ ಮರಳಿದ ಮೇಲೆ ಉಸಿರಿಗೆ ಜಾಗವಿರುವುದಿಲ್ಲ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ. ಕನ್ನಡಕಕ್ಕೆ ಹಿಂದಿನಿಂದ ದಾರ. ಹವಾಯಿ ಚಪ್ಪಲಿ, ಜೀನ್ಸ್ ಎರಡೂ ಬೇಡ: ಒಂದು ಹೊಳೆಗೆ ಹೋಗುತ್ತದೆ, ಇನ್ನೊಂದು ಹೊಳೆಯನ್ನೇ ಹೊತ್ತುಕೊಂಡು ಬರುತ್ತದೆ.

ಕೂರುವುದು ದೋಣಿಯೊಳಗಲ್ಲ, ಅದರ ಅಂಚಿನ ಟ್ಯೂಬಿನ ಮೇಲೆ, ಕಾಲನ್ನು ಅಡ್ಡ ಟ್ಯೂಬಿನಡಿ ಸಿಕ್ಕಿಸಿಕೊಂಡು. ಹುಟ್ಟಿನ ತುದಿಯ ಟಿ ಆಕಾರದ ಹಿಡಿಯಿಂದ ಕೈ ತೆಗೆಯುವಂತಿಲ್ಲ. ತೆಗೆದಿರೋ, ಅದು ಪಕ್ಕದವನ ಹಲ್ಲು ಹುಡುಕಿಕೊಂಡು ಹೊರಡುತ್ತದೆ. ಗೈಡ್ ‘ಫಾರ್ವರ್ಡ್’ ಎಂದಾಗ ಹುಟ್ಟು ಹಾಕಲೇಬೇಕು, ಏಕೆಂದರೆ ದೋಣಿ ನೀರಿನಷ್ಟೇ ವೇಗದಲ್ಲಿ ತೇಲುತ್ತಿದ್ದರೆ ಅದನ್ನು ಅವನು ತಿರುಗಿಸಲಾರ. ಸರಿಯಾಗಿ ಆ ಹೊತ್ತಿಗೇ ಎಲ್ಲರೂ ಹುಟ್ಟನ್ನು ಗಾಳಿಗೆತ್ತಿ ‘ಹೋ’ ಎಂದು ಕೂಗುತ್ತಾರೆ. ಬಂಡೆ ಹತ್ತಿರ ಬರುತ್ತದೆ.

ಬೀಳುವವನು ಯಾರು ಅಂತ ಹೇಳಬೇಕಿಲ್ಲ. ಒಂದು ಕೈಯಲ್ಲಿ ಫೋನಿನ ಪೌಚ್ ಹಿಡಿದವನೇ. ಬಿದ್ದವನು ಅಂಗಾತ ಮಲಗಬೇಕು, ಕಾಲು ಹರಿವಿನ ದಿಕ್ಕಿಗೆ, ಹೆಬ್ಬೆರಳು ನೀರಿನ ಮೇಲೆ. ಹರಿಯುವ ನೀರಲ್ಲಿ ಎದ್ದು ನಿಲ್ಲಲೇಬಾರದು. ಪಾದ ಕಲ್ಲಿನ ಸಂದಿಗೆ ಸಿಕ್ಕರೆ ಹರಿವು ಮೈಯನ್ನು ಮುಂದಕ್ಕೆ ಮಗುಚುತ್ತದೆ. ನಮ್ಮವನು ಮಾಡುವ ಮೊದಲ ಕೆಲಸವೇ ಎದ್ದು ನಿಲ್ಲಲು ನೋಡುವುದು. ಚೀಲದಲ್ಲಿ ತುಂಬಿದ ಹಗ್ಗ ಎಸೆದರೆ ಹಗ್ಗ ಬಿಟ್ಟು ಚೀಲ ಹಿಡಿಯುತ್ತಾನೆ. ಚೀಲದೊಳಗೆ ಉಳಿದ ಹಗ್ಗ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ಅವನೂ ಹೋಗುತ್ತಾನೆ.

ಕೊನೆಗೆ ದೋಣಿ ಅವನ ಬಳಿ ಬಂತು ಎನ್ನಿ. ಎಲ್ಲರೂ ಕೈ ಚಾಚುತ್ತಾರೆ, ಅದು ತಪ್ಪು. ಕೈ ಹಿಡಿದೆಳೆದರೆ ಭುಜ ಕಳಚಬಹುದು, ಜಾರುವುದಂತೂ ಖಂಡಿತ. ಮೊಣಕಾಲನ್ನು ಟ್ಯೂಬಿಗೆ ಒತ್ತಿ, ಜಾಕೆಟ್ಟಿನ ಎರಡೂ ಭುಜಪಟ್ಟಿ ಹಿಡಿದು, ಅವನನ್ನು ಮೊದಲು ನೀರೊಳಗೆ ಒಮ್ಮೆ ಅದುಮಬೇಕು. ಜಾಕೆಟ್ಟು ಪುಟಿದು ಮೇಲೆ ಬರುವಾಗ ಅದೇ ಜೋರಿನಲ್ಲಿ ಎಳೆಯುವವನು ಹಿಂದಕ್ಕೆ ಬೀಳಬೇಕು. ಎತ್ತುವುದು ತೋಳಲ್ಲ, ಬೀಳುವ ಮೈಭಾರ. ಆದರೆ ನೀರಲ್ಲಿರುವವನಿಗೆ ಕಾಣುವುದು ಅದುಮುವ ಭಾಗ ಮಾತ್ರ. ಇಪ್ಪತ್ತು ವರ್ಷದ ಗೆಳೆಯ ಹಲ್ಲು ಕಚ್ಚಿಕೊಂಡು ತನ್ನನ್ನು ಮುಳುಗಿಸುತ್ತಿದ್ದಾನೆ! ಆ ಕಣ್ಣು ನೋಡಬೇಕು. ಎಂದೋ ತೀರಿಸದ ಸಾಲವೆಲ್ಲ ನೆನಪಾದ ಕಣ್ಣು ಅದು. (ಅದುಮುವವನಿಗೂ ಸ್ವಲ್ಪ ನೆನಪಾಗಿರುತ್ತದೆ, ಸುಳ್ಳೇಕೆ.) ಮರುಕ್ಷಣ ಇಬ್ಬರೂ ದೋಣಿಯ ತಳದಲ್ಲಿ, ಇವನ ಹೆಲ್ಮೆಟ್ಟು ಅವನ ಹೊಟ್ಟೆಯಲ್ಲಿ, ಬರ್ಮುಡಾ ಮಾತ್ರ ಅರ್ಧ ಹೊಳೆಯ ಪಾಲು. ಪಾತಾಳಗರಡಿ ಹಾಕಿ ಬಾವಿಯಿಂದ ಎತ್ತುವ ಕೊಡಕ್ಕೂ ಇದಕ್ಕಿಂತ ಮರ್ಯಾದೆ ಇರುತ್ತದೆ. ಲಾಡಿಗೆ ಎರಡು ಗಂಟು ಹಾಕಿ ಎಂದು ಯಾವ ಗೈಡೂ ಹೇಳುವುದಿಲ್ಲ, ಹೇಳಬೇಕು. ಕೆಮ್ಮಿ ಮುಗಿಸಿದ ಮೇಲೆ ಅವನ ಮೊದಲ ಮಾತು: “ಫೋನ್ ಎಲ್ಲಿ?”

ರಭಸ ಮುಗಿದು ಹೊಳೆ ಅಗಲವಾಗುವ ಕಡೆ ಹುಟ್ಟು ಕೆಳಗಿಟ್ಟು ಸುಮ್ಮನೆ ಕೂರಬಹುದು. ಎರಡೂ ದಡ ದಟ್ಟ ಕಾಡು. ಮೇಲೆ ಅಣೆಕಟ್ಟಿನ ಹಿನ್ನೀರಿನಡಿ ಸೂಪಾ ಎಂಬ ಊರಿದೆ. ಸಂತೆ, ಶಾಲೆ, ಕಚೇರಿ ಇದ್ದ ತಾಲ್ಲೂಕು ಕೇಂದ್ರ. ಕಚೇರಿಗಳು ಜೋಯಿಡಾಕ್ಕೆ ಹೋದವು, ಎಷ್ಟೋ ಮನೆಗಳು ರಾಮನಗರಕ್ಕೆ. ಆ ಊರಿನ ಮೇಲೆ ನಿಂತಿದ್ದ ನೀರೇ ಈಗ ದೋಣಿಯ ಕೆಳಗೆ ಹರಿಯುತ್ತಿದೆ ಎನ್ನುವುದು ಹೊಳೆದಾಗ ನಮ್ಮ ಹೆದರಿಕೆ ಬಲು ಸಣ್ಣದೆನಿಸುತ್ತದೆ. ಹೆಚ್ಚು ಹೊತ್ತೇನಿಲ್ಲ, ಹಿಂದಿನಿಂದ ಯಾರೋ ನೀರೆರಚುತ್ತಾರೆ.

ದಡಕ್ಕೆ ಬಂದರೆ ಫೋಟೊದ ದುಡ್ಡು ಬೇರೆ. ಹುಟ್ಟು ಹಾಕಿದವರೆಲ್ಲ ಅದರಲ್ಲಿ ಕಣ್ಣು ಮುಚ್ಚಿ, ಬಾಯಿ ತೆರೆದು, ತಲೆ ತಗ್ಗಿಸಿರುತ್ತಾರೆ. ಹುಟ್ಟು ಹಾಕದೆ ಕ್ಯಾಮೆರಾ ಹುಡುಕುತ್ತಿದ್ದ ಒಬ್ಬನೇ ಒಬ್ಬ, ಹುಟ್ಟನ್ನು ಗದೆಯಂತೆ ಎತ್ತಿ ಹಿಡಿದು, ಹಲ್ಲೆಲ್ಲ ಕಾಣುವಂತೆ ನಗುತ್ತಿರುತ್ತಾನೆ. ಆ ಫೋಟೊದ ಖರ್ಚನ್ನು ಎಲ್ಲರೂ ಸಮನಾಗಿ ಹಂಚಿಕೊಳ್ಳಬೇಕಂತೆ.