ಬ್ಯಾಂಡ್ ಅದೇ, ಕೂತಿರೋರು ಬೇರೆ

ಐರ್ಲೆಂಡಿನ ಪಶ್ಚಿಮದಲ್ಲಿ ಕ್ಲೇರ್ ಅಂತ ಕೌಂಟಿ, ಅದ್ರಲ್ಲಿ ಕಿಲ್ಫೆನೋರ ಅಂತ ಪುಟ್ಟ ಊರು. ಆ ಊರಿನ ಕೇಲಿ ಬ್ಯಾಂಡು, ಅಂದ್ರೆ ಕುಣಿಯೋರಿಗೆ ಅಂತಲೇ ನುಡಿಸೋ ಬ್ಯಾಂಡು, ಶುರುವಾಗಿದ್ದು 1909ರಲ್ಲಿ, ಊರಿನ ಚರ್ಚಿನ ರಿಪೇರಿಗೆ ದುಡ್ಡು ಕೂಡಿಸೋಕೆ. ಚರ್ಚಿನ ಕೆಲಸ ಯಾವ ಕಾಲಕ್ಕೋ ಮುಗೀತು, ಬ್ಯಾಂಡಿಗೆ ಮಾತ್ರ ನಿಲ್ಲಿಸಿ ಅಂತ ಯಾರೂ ಹೇಳಿಲ್ಲ ಅನ್ಸತ್ತೆ, ಇವತ್ತಿಗೂ ನುಡಿಸ್ತಾನೇ ಇದೆ.

ರಾಕ್ ಬ್ಯಾಂಡಲ್ಲಿ ಒಬ್ಬ ಗಿಟಾರಿಸ್ಟ್ ಬಿಟ್ರೆ ಫ್ಯಾನ್ಸ್ ಊಟ ಬಿಡ್ತಾರೆ. ಇಲ್ಲಿ ಹಂಗಲ್ಲ, ಕ್ಲೇರಲ್ಲಿ ಜನ ಊರು ಬಿಡೋದು ಮಾಮೂಲಿ ಆಗಿತ್ತು, ಲಂಡನ್ನಿಗೋ ನ್ಯೂಯಾರ್ಕಿಗೋ ಕೆಲಸಕ್ಕೆ ಹೋಗೋರು, ಅವರ ಕುರ್ಚಿಗೆ ಇನ್ನೊಬ್ಬರು ಬಂದು ಕೂರೋರು. ಅದೇ ಕ್ಲೇರಿನ ಇನ್ನೊಂದು ಊರು ಟುಲ್ಲಾದ ಕೇಲಿ ಬ್ಯಾಂಡ್ ಹುಟ್ಟಿದ್ದು 1946ರಲ್ಲಿ, ಅದರ ಅಕಾರ್ಡಿಯನ್ ಹೀರೋ ಜೋ ಕೂಲಿ 1954ರಲ್ಲಿ ಅಮೆರಿಕಕ್ಕೆ ಹೋಗ್ಬಿಟ್ರು. ಅಂಥೋರು ಹೋದ್ರೂ ಬ್ಯಾಂಡ್ ನಿಲ್ಲಲಿಲ್ಲ ನೋಡಿ. ಫಿಡಲ್ ಹಿಡ್ಕೊಂಡು ದಶಕಗಟ್ಟಲೆ ಅದನ್ನ ನಡೆಸಿದ್ದು ಪಿ. ಜೋ ಹೇಸ್, ಅವರ ಮಗ ಮಾರ್ಟಿನ್ ಹೇಸ್ ಈಗ ದೇಶವಿದೇಶದಲ್ಲೆಲ್ಲ ಹೆಸರು ಮಾಡಿರೋರು, ಹದಿಮೂರನೇ ವಯಸ್ಸಿಗೇ ಅಪ್ಪನ ಬ್ಯಾಂಡಲ್ಲಿ ಕೂತಿದ್ರು.

ಇದು ಹೆಂಗೆ ಸಾಧ್ಯ ಅಂದ್ರೆ ಫಿಡಲ್ಲು, ಫ್ಲೂಟು, ಕಾನ್ಸರ್ಟಿನಾ ಅನ್ನೋ ಹಿಗ್ಗಿಸಿ ಕುಗ್ಗಿಸೋ ಪುಟ್ಟ ಕೈಪೆಟ್ಟಿಗೆ, ಬ್ಯಾಂಜೊ ಎಲ್ಲಾ ನುಡಿಸೋದು ಒಂದೇ ಟ್ಯೂನು, ನಿಂಗೊಂದು ಪಾರ್ಟು ನಂಗೊಂದು ಪಾರ್ಟು ಅನ್ನೋದಿಲ್ಲ. ಟ್ಯೂನುಗಳೂ ಬ್ಯಾಂಡಿನ ಸ್ವಂತದ್ದಲ್ಲ, ಊರಿಗೆ ಊರೇ ನುಡಿಸೋವು. ಹೊಸಬರು ಬರೋವಾಗ್ಲೇ ಅರ್ಧಕ್ಕರ್ಧ ಗೊತ್ತಿರತ್ತೆ, ಯಾವುದರ ಹಿಂದೆ ಯಾವುದು ಅನ್ನೋದಷ್ಟೇ ಕಲೀಬೇಕು. ಯಕ್ಷಗಾನದಲ್ಲಿ ಪ್ರಸಂಗ ಗೊತ್ತಿರೋ ಕಲಾವಿದ ಈ ವರ್ಷ ಈ ಮೇಳ, ಮುಂದಿನ ತಿರುಗಾಟಕ್ಕೆ ಆ ಮೇಳ ಅಂತ ಹೋಗಲ್ವಾ, ಹಂಗೆ.

ಆದ್ರೂ ಯಾರು ಬಂದ್ರೂ ಒಂದೇ ಅಂತ ನಾನು ಒಪ್ಪಲ್ಲ. ಹತ್ತು ಜನದ ಸಾಲಲ್ಲಿ ಒಬ್ಬ ಫಿಡಲ್‌ನೋರು ಬದಲಾದ್ರೆ ನನ್ನಂಥೋರ ಕಿವಿಗೆ ಗೊತ್ತೇ ಆಗಲ್ಲ, ಪಿಯಾನೋ ಬದಲಾದ್ರೆ ಇಡೀ ಬ್ಯಾಂಡಿನ ನಡಿಗೆನೇ ಬದಲಾಗತ್ತೆ. ಡ್ರಮ್ಮರ್ ಮರದ ತುಂಡಿನ ಮೇಲೆ ಟಕ್ ಟಕ್ ಅಂತ ಕೊಟ್ಟ ಕೂಡ್ಲೇ ಎಲ್ರೂ ಒಟ್ಟಿಗೆ ನುಗ್ತಾರೆ, ಕೆಳಗೆ ಪಿಯಾನೋದ ಎಡಗೈ ಒಂದು ದಪ್ಪ ಸ್ವರ, ಬಲಗೈ ಒಂದು ಕಾರ್ಡ್, ಅಂದ್ರೆ ಒಟ್ಟಿಗೆ ಒತ್ತೋ ಮೂರ್ನಾಲ್ಕು ಸ್ವರ, ಬೂಂ ಚಕ್ ಬೂಂ ಚಕ್, ಕುಣಿಯೋರ ಶೂ ಹಿಡ್ಕೊಂಡಿರೋದು ಅದನ್ನೇ. ಕಿಲ್ಫೆನೋರದಲ್ಲಿ ಆ ಜಾಗದಲ್ಲಿ ಕೂತಿದ್ದು ಕಿಟ್ಟಿ ಲಿನೇನ್ ಅನ್ನೋ ಹೆಂಗಸು, ಎಷ್ಟೋ ವರ್ಷ ಬ್ಯಾಂಡಿನ ಲೀಡರ್ ಕೂಡ ಅವರೇ. 1954, 55, 56 ಸತತ ಮೂರು ವರ್ಷ ಬ್ಯಾಂಡಿನೋರು ಆಲ್ ಐರ್ಲೆಂಡ್ ಅನ್ನೋ ದೇಶಮಟ್ಟದ ಸ್ಪರ್ಧೆ ಗೆದ್ರು. ಆಮೇಲೆ 1993ರಿಂದ 95ರವರೆಗೆ ಮತ್ತೆ ಮೂರು ಸಲ, ಆಗ ಲೀಡರ್ ಜಾನ್ ಲಿಂಚ್, ಐವತ್ತರ ದಶಕದ ಬ್ಯಾಂಡಲ್ಲಿ ಅವರಪ್ಪ ಇದ್ರು. ಟೆಕ್ನಿಕ್ ನೋಡಿದ್ರೆ ಎರಡನೇ ತಂಡನೇ ಮೇಲು ಅನ್ನೋರಿದ್ದಾರೆ, ಇರಬಹುದು, ನಂಗೆ ಮಾತ್ರ ಹಳೇ ರೆಕಾರ್ಡಿಂಗಿನ ಒರಟು ಸದ್ದೇ ಇಷ್ಟ.

ಹಾಡೋರಿದ್ರೆ ಕಥೆನೇ ಬೇರೆ. ಗಾಲ್ವೆ ಕಡೆಯ ಡಿ ಡ್ಯಾನನ್ ಬ್ಯಾಂಡಲ್ಲಿ ಡೊಲೊರೆಸ್ ಕೀನ್ ಹಾಡಿದ್ರು, ಮೌರಾ ಒಕಾನೆಲ್ ಹಾಡಿದ್ರು, ಮೇರಿ ಬ್ಲ್ಯಾಕ್ ಹಾಡಿದ್ರು, ಒಬ್ಬೊಬ್ರು ಬಂದಾಗ್ಲೂ ಅದು ಬೇರೆ ಬ್ಯಾಂಡೇ ಅನ್ನಿಸೋದು. ಕೊನೆಗೆ ಬ್ಯಾಂಡ್ ಒಡೆದ ಮೇಲೆ ಮೊದಲಿಂದ ಇದ್ದ ಫ್ರ್ಯಾಂಕಿ ಗ್ಯಾವಿನ್, ಅಲೆಕ್ ಫಿನ್ ಮಧ್ಯೆ ಆ ಹೆಸರು ಯಾರದ್ದು ಅಂತ ಜಗಳ ಬೇರೆ. ಊರಿನ ಹೆಸರು ಇಟ್ಕೊಂಡಿದ್ರೆ ಈ ತಲೆನೋವೇ ಇರ್ತಿರಲಿಲ್ಲ. ಕಿಲ್ಫೆನೋರ ನಂದು ಅಂತ ಯಾವ ಕೋರ್ಟಲ್ಲಿ ಹೋಗಿ ಹೇಳ್ತೀರಾ?